ನಿಪ್ಪಾಣಿಯ ಹೆಂಗಸರ ಚರಿತ್ರೆಗೆ ಬರ್ಲಿನ್ ಯಾಕೆ ಬೇಕಾಯಿತು?

1982ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು, ‘ತಂಬಾಕು ಚಾಕಿಲಾ ಊಬ್ ಆಲಿ’. ಮಾಡಿದ್ದು ದೀಪಾ ಧನರಾಜ್ ಮತ್ತು ಗೆಳೆಯರು 1980ರಲ್ಲಿ ಕಟ್ಟಿದ ಯುಗಾಂತರ್ ಬಳಗ. ಸಂಘ ಕಟ್ಟಿ ಮುಷ್ಕರಕ್ಕಿಳಿದ ಹೆಂಗಸರು ತಮ್ಮ ಕತೆಯನ್ನು ತಾವೇ ಮರಾಠಿಯಲ್ಲಿ ಹೇಳುತ್ತಾರೆ. ನಿಪ್ಪಾಣಿ ಅಂದರೆ ನಮಗೆ ಗಡಿ ಗಲಾಟೆ ಮಾತ್ರ ನೆನಪಾಗುತ್ತೆ, ಅದು ಬೇರೆ ಮಾತು.

ಸರ್ಕಾರಿ ಕಡತದಲ್ಲಿ ಹುಡುಕಿದರೆ ಹೆಚ್ಚೆಂದರೆ ಕೂಲಿ ದರ, ತಾರೀಕು ಸಿಗಬಹುದು. ಕೆಲಸದ ಜಾಗದಲ್ಲಿ ಆ ಹೆಂಗಸರು ಏನೇನು ಸಹಿಸಿದರು, ಒಗ್ಗಟ್ಟಾಗಿದ್ದು ಹೇಗೆ ಅನ್ನೋದನ್ನು ಅವರ ದನಿಯಲ್ಲೇ ಕೇಳಬೇಕೆಂದರೆ ಈ ಚಿತ್ರವೇ ಆಧಾರ. ಸಿನಿಮಾ ಮಾಡಲು ಹೋದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಚರಿತ್ರೆಕಾರರ ಕೆಲಸವನ್ನೂ ಮಾಡಿದ್ದರು.

ಆದರೆ ಯುಗಾಂತರ್ ಚಿತ್ರಗಳನ್ನು ದಶಕಗಳ ನಂತರ ಡಿಜಿಟಲ್ ರೂಪಕ್ಕೆ ತಂದು ಉಳಿಸಿದ್ದು ಬರ್ಲಿನ್‌ನ ಆರ್ಸೆನಾಲ್ ಸಂಸ್ಥೆ. ಅವರಿಗೆ ಥ್ಯಾಂಕ್ಸ್ ಹೇಳೋಣ. ಬೆಳಗಾವಿ ಜಿಲ್ಲೆಯ ಕಾರ್ಮಿಕ ಚರಿತ್ರೆ ಜರ್ಮನಿಯವರ ಆಸಕ್ತಿಯನ್ನು ನಂಬಿ ಕೂರಬೇಕಾ ಅನ್ನೋದು ನನ್ನ ತಕರಾರು.

ಇವತ್ತಿನ ಸ್ಥಿತಿ ಇನ್ನೂ ನಾಜೂಕು. 16 ಎಂಎಂ ಫಿಲ್ಮನ್ನು ತಂಪು ಜಾಗದಲ್ಲಿಟ್ಟರೆ ಹಲವು ದಶಕ ಬಾಳುತ್ತೆ. ಹಾರ್ಡ್ ಡಿಸ್ಕ್ ಹಾಗಲ್ಲ. ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಬೇಕು, ಎರಡು ಊರಲ್ಲಿ ಎರಡು ಪ್ರತಿ ಇಡಬೇಕು. ಇಂಜಿನಿಯರಿಂಗ್ ಓದಿದ ತಲೆಗೆ ಮೊದಲು ಹೊಳೆಯೋದು ಈ ಬ್ಯಾಕಪ್ ಲೆಕ್ಕವೇ. ಒಂದು ಗಂಟೆಯ ಚಿತ್ರಕ್ಕೆ ಐವತ್ತು ಗಂಟೆ ಚಿತ್ರೀಕರಿಸಿದ್ದರೆ, ಚರಿತ್ರೆಗೆ ಬೇಕಾಗೋದು ಉಳಿದ ನಲವತ್ತೊಂಬತ್ತು ಗಂಟೆಯೂ ಹೌದು. ಮಾತಾಡಿದವರು ಯಾರು, ಯಾವ ಊರು, ಯಾವ ದಿನ ಅಂತ ಬರೆದಿಡದಿದ್ದರೆ ಅದು ಬರೀ ಫೈಲು. ಬರೆದಿಡೋಕೆ ತಿಂಗಳುಗಟ್ಟಲೆ ಬೇಕು. ಮದುವೆ, ಕಂಪನಿ, ಎನ್‌ಜಿಒ ವಿಡಿಯೊ ಮಾಡಿ ಮನೆ ಬಾಡಿಗೆ ಕಟ್ಟುವವರಿಗೆ ಆ ತಿಂಗಳುಗಳ ಸಂಬಳ ಕೊಡೋರ್‍ಯಾರು?

1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್‌ಗೆ ಸರ್ಕಾರಿ ಪ್ರಚಾರದ ವಾಸನೆ ಇತ್ತು ನಿಜ. ಆದರೂ ಅಲ್ಲಿ 8 ಸಾವಿರಕ್ಕೂ ಹೆಚ್ಚು ಚಿತ್ರಗಳು ಸಾರ್ವಜನಿಕರ ಆಸ್ತಿಯಾಗಿದ್ದವು. 2022ರಲ್ಲಿ ಅದನ್ನು ಎನ್‌ಎಫ್‌ಡಿಸಿ ಎಂಬ ನಿಗಮದೊಳಗೆ ಸೇರಿಸಲಾಯಿತು. ಆ ಭಂಡಾರದ ಗತಿಯೇನು ಎಂದು ಚಿತ್ರಕರ್ಮಿಗಳು ಆಗಲೇ ಕೇಳಿದ್ದರು. ಲಾಭ-ನಷ್ಟ ನೋಡಲೇಬೇಕಾದ ನಿಗಮಕ್ಕೆ, ಟಿಕೆಟ್ ತರದ ಹಳೇ ರೀಲು ಖರ್ಚಿನ ಬಾಬ್ತೇ ತಾನೆ?

ರಾಜ್ಯ ಸರ್ಕಾರ ಸಾಕ್ಷ್ಯಚಿತ್ರಕ್ಕೆ ದುಡ್ಡು ಕೊಡುವಾಗ ಒಂದು ಪಾಲನ್ನು ಪಟ್ಟಿ ಮಾಡುವ, ಕಾಪಿಡುವ ಕೆಲಸಕ್ಕೇ ಮೀಸಲಿಡಲಿ. ಪೂರ್ತಿ ಚಿತ್ರೀಕರಣದ ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ ಹೋಗಲಿ, ಮಾತಾಡಿದವರು ಒಪ್ಪಿದರೆ ಮಾತ್ರ. ಇನ್ನೊಂದು ಪ್ರತಿ ಆ ಊರಿನ ಗ್ರಂಥಾಲಯಕ್ಕೆ. ನಿಪ್ಪಾಣಿಯಿಂದಲೇ ಶುರು ಮಾಡಬಹುದು, ಚಿತ್ರವಂತೂ ರೆಡಿ ಇದೆ.