ಪರದೇಶದ ಕೊಳಲು, ನಮ್ಮ ತಂಬೂರಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಒಂದು ಕೊಳಲಿನ ದನಿ ಕೇಳಿಬರುತ್ತದೆ. ನುಡಿಸುವವನು ಹದಿನೇಳರ ಹುಡುಗ. ಕಳೆದ ವಾರ ಅವನ ತಂದೆ ನಮ್ಮ ಮನೆಗೆ ಬಂದು, “ಕಾಕಾ, ನೀವಾದರೂ ಅವನಿಗೆ ಬುದ್ಧಿ ಹೇಳ್ರಿ. ಐದು ವರ್ಷ ಯಮನ್, ಭೂಪ ಕಲಿತಾನ. ಈಗ ಗಿಟಾರಿನವರ ಜೋಡಿ ಜಾಝ್ ನುಡಿಸ್ತೀನಿ ಅಂತಾನ. ನಾಳಿಂದ ಪಾಠ ಬಿಡಸಬೇಕಂತ ಮಾಡೀನಿ” ಎಂದರು.

ಅವರ ಅಂಜಿಕೆ ನಿರಾಧಾರವಾದುದಲ್ಲ. ನಮ್ಮ ಸಂಗೀತಕ್ಕೆ ಒಂದೇ ಷಡ್ಜ ಆಧಾರ. ಜಾಝ್ ಸ್ವರಗುಚ್ಛಗಳನ್ನು ಬದಲಿಸುತ್ತ ನಡೆಯುತ್ತದೆ. ಆ ಗುಚ್ಛಗಳು ಒಂದೊಂದಾಗಿ ಸರಿಯುವಾಗ ರಾಗದ ಕಾಲಡಿಯ ನೆಲವೇ ಸರಿದಂತಾಗುವುದು. ವಾದ್ಯದ ತೊಡಕು ಬೇರೆ. ಬಿದಿರಿನ ಕೊಳಲಿನಲ್ಲಿ ಬೆರಳು ರಂಧ್ರವನ್ನು ಅರೆತೆರೆದು, ಜಾರಿ, ಗಮಕವನ್ನು ಹೊರಡಿಸುತ್ತದೆ. ಪಾಶ್ಚಾತ್ಯರ ಲೋಹದ ಕೊಳಲಿಗೆ ಕೀಲಿಗಳಿರುವುದರಿಂದ ಆ ಜಾರಿಕೆ ಸುಲಭಸಾಧ್ಯವಲ್ಲ.

ಆದರೂ ಈ ತೊಡಕನ್ನು ದಾಟಿದವರುಂಟು. ಚಾರ್ಲಿ ಮರಿಯಾನೊ ಅಮೆರಿಕದ ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದ ಜಾಝ್ ವಾದಕ. ಸ್ಯಾಕ್ಸೊಫೋನ್, ಕೊಳಲು ಎರಡರಲ್ಲಿಯೂ ಪಳಗಿದವರು. 1960ರ ದಶಕದಲ್ಲಿ ಮಲೇಷ್ಯಾಕ್ಕೆ ಹೋಗಿದ್ದಾಗ ನಾಗಸ್ವರವನ್ನು ಕೇಳಿ ಮರುಳಾದರು. ಆಗಲೇ ಹೆಸರು ಗಳಿಸಿದ್ದ ಈ ಕಲಾವಿದರು ಮತ್ತೆ ವಿದ್ಯಾರ್ಥಿಯಾಗಿ ಕುಳಿತು ಆ ವಾದ್ಯವನ್ನು ಕಲಿತರು. ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರ ಸ್ನೇಹ ಒದಗಿತು. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಈ ಮೇಳದೊಡನೆ ಅವರು ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು 1983ರಲ್ಲಿ ಜರ್ಮನಿಯ ಇ. ಸಿ. ಎಂ. ಸಂಸ್ಥೆ ಹೊರತಂದಿತು.

ಅದರಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಅಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಆರ್. ಎ. ರಮಾಮಣಿಯವರ ಕಂಠ, ತಂಬೂರಿ, ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು. ಇವುಗಳ ನಡುವೆ ಮರಿಯಾನೊ ಅವರ ಕೊಳಲು ಮತ್ತು ಸ್ಯಾಕ್ಸೊಫೋನ್. ಷಡ್ಜ ಕದಲುವುದಿಲ್ಲ. ಜಾಝಿನವರ ಆಶುವಾದನವೂ ನಮ್ಮವರ ಮನೋಧರ್ಮವೂ ಆ ಒಂದೇ ಆಧಾರದ ಮೇಲೆ ಕೈಹಿಡಿದು ನಡೆಯುತ್ತವೆ.

ಎದುರು ದಿಕ್ಕಿನಿಂದ ಹೊರಟವರು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ಪರದೇಶದ ಸ್ಯಾಕ್ಸೊಫೋನನ್ನೇ ಮಾರ್ಪಡಿಸಿಕೊಂಡು ಅದರಿಂದ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದರು. ಕೊಳಲುವಾದಕರೂ ಸಂಯೋಜಕರೂ ಆದ ಅಮೆರಿಕದ ಜೇಮ್ಸ್ ನ್ಯೂಟನ್ ಅವರ ಜೊತೆಗೆ ಕುಳಿತಾಗಲೂ ಅವರು ತಮ್ಮ ರಾಗವನ್ನು ಬಿಟ್ಟುಕೊಡಲಿಲ್ಲ. ಮರಿಯಾನೊ 2009ರಲ್ಲಿ, ಗೋಪಾಲನಾಥರು 2019ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು. ಅವರ ನಾದ ಮಾತ್ರ ಉಳಿದಿದೆ.

ನಮ್ಮ ಸೀಮೆಗೂ ಇದು ಹೊಸತಲ್ಲ. ಸಂಗ್ಯಾ-ಬಾಳ್ಯಾ ಸಣ್ಣಾಟದಲ್ಲಿ ಪೇಟಿ ದನಿಗೂಡಿಸಿದರೆ ಅದು ಯುರೋಪಿನಿಂದ ಬಂದದ್ದೆಂದು ಯಾರೂ ಎದ್ದುಹೋಗುವುದಿಲ್ಲ. ಸವದತ್ತಿಯ ಗುಡ್ಡದಲ್ಲಿ ಚೌಡಿಕೆ ಕೇಳಿ ಬೆಳೆದ ಕಿವಿಗಳೇ ಧಾರವಾಡದ ಖಯಾಲನ್ನೂ ಒಪ್ಪಿಕೊಂಡಿವೆ. ಹೊರಗಿನದು ಬಂದುದರಿಂದ ಯಾವ ಸಂಗೀತವೂ ಕೆಡುವುದಿಲ್ಲ. ಒಳಗಿನದನ್ನು ಅರ್ಧ ಕಲಿತು ಹೊರಗೆ ಓಡುವುದರಿಂದ ಕೆಡುತ್ತದೆ.

ಆ ತಂದೆಗೆ ಇಷ್ಟನ್ನೇ ಹೇಳಿದೆ: “ಪಾಠ ಬಿಡಿಸಬ್ಯಾಡ್ರಿ, ಬಿಡಿಸಿದರ ನಿಮ್ಮ ಅಂಜಿಕೆ ಖರೇ ಆಗ್ತದ.” ಹುಡುಗನನ್ನು ಕರೆದು, “ತಮ್ಮಾ, ಗೆಳೆಯರ ಜೋಡಿ ನುಡಿಸು. ಆದರ ಮೊದಲ ತಂಬೂರಿ ಹಚ್ಚಲಿಕ್ಕೆ ಹೇಳು” ಎಂದೆ. ನಿನ್ನೆ ಸಂಜೆ ಕೊಳಲಿನ ಜೊತೆಗೆ ಗಿಟಾರೂ ಕೇಳಿಸಿತು. ಅದರ ಹಿಂದೆ ತಂಬೂರಿ ಮೀಟುತ್ತಿತ್ತು. ಪಾಠ ನಿಂತಿಲ್ಲವೆಂದು ತಿಳಿದು ಸಮಾಧಾನವಾಯಿತು.