ಮಿಷನ್ ಹಾಕಿಕೊಂಡ ಮೇಲೂ ತೂಕಡಿಸುವವರು ಸೋಮಾರಿಗಳಲ್ಲ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ನಮಗೆಲ್ಲ ಗೊತ್ತು. ಬಸ್ಸಿನಲ್ಲಿ, ಗ್ರಾಮಸಭೆಯಲ್ಲಿ, ಮದುವೆ ಮನೆಯ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುವವರನ್ನು ಕಂಡರೆ ನಗುತ್ತೇವೆ. ಪುಣ್ಯವಂತ ಎನ್ನುತ್ತೇವೆ, ಇಲ್ಲವೇ ಕುಂಭಕರ್ಣ ಎನ್ನುತ್ತೇವೆ. ಹಿಂದಿನ ರಾತ್ರಿ ಅವರ ಉಸಿರು ನೂರಾರು ಸಲ ಕಟ್ಟಿರಬಹುದು ಎಂಬ ಅನುಮಾನ ಮಾತ್ರ ನಮಗೆ ಬರುವುದಿಲ್ಲ.

ಈ ನಗುವಿನಿಂದ ಮುಖ್ಯಮಂತ್ರಿಯೂ ತಪ್ಪಿಸಿಕೊಳ್ಳಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿಯಾದ ಮೇಲೆ, ಸಭೆ ಸಮಾರಂಭಗಳಲ್ಲಿ ಅವರು ಕಣ್ಣು ಮುಚ್ಚಿ ಕೂತ ದೃಶ್ಯಗಳನ್ನು ಟಿವಿ ಚಾನೆಲ್‌ಗಳು ಮತ್ತೆ ಮತ್ತೆ ತೋರಿಸಿದವು. ರಾಜಕೀಯ ವಿರೋಧಿಗಳು 'ನಿದ್ದೆರಾಮಯ್ಯ' ಎಂದು ಹಂಗಿಸಿದರು. ತಮಗೆ ಸ್ಲೀಪ್ ಆಪ್ನಿಯಾ ಇದೆ ಎಂಬುದನ್ನು ಅವರು ಹೇಳಿಕೊಂಡರು, ಅದು ಪತ್ರಿಕೆಗಳಲ್ಲೂ ಬಂತು. ಆದರೂ ಲೇವಡಿ ನಿಲ್ಲಲಿಲ್ಲ. ಅವರ ಆಡಳಿತದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಒಂದು ಕಾಯಿಲೆಯ ಲಕ್ಷಣವನ್ನು ನಾವು ಸುದ್ದಿಯ ಹೆಸರಲ್ಲಿ ಹಾಸ್ಯ ಮಾಡಿದೆವು. ರಾಜ್ಯದ ದೊರೆಗೇ ಹೀಗಾದರೆ, ದೇವನಹಳ್ಳಿಯ ಕ್ಯಾಬ್ ಚಾಲಕ ಅಥವಾ ದೊಡ್ಡಬಳ್ಳಾಪುರದ ಮಗ್ಗದ ಕೂಲಿ 'ನನಗೆ ಕಾಯಿಲೆ ಇದೆ ಸ್ವಾಮಿ' ಎಂದರೆ ಯಾರು ಕೇಳುತ್ತಾರೆ?

ಕಾಯಿಲೆ ಏನೆಂದು ಮೊದಲು ಹೇಳಿಬಿಡುತ್ತೇನೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಗಾಳಿ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ಗೊರಕೆ. ಮಲಗಿದವರಿಗೆ ಎದ್ದದ್ದು ನೆನಪೂ ಇರುವುದಿಲ್ಲ. ಗಂಟೆಗೆ ಇಂಥವು 5ಕ್ಕಿಂತ ಕಡಿಮೆ ಇದ್ದರೆ ಸಹಜ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಇದಕ್ಕೆ ಹೆಚ್ಚಾಗಿ ಕೊಡುವ ಚಿಕಿತ್ಸೆ ಸಿಪ್ಯಾಪ್ ಎಂಬ ಯಂತ್ರ. ಮೂಗಿಗೆ ಕಟ್ಟಿಕೊಂಡ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದಿ, ಗಂಟಲು ಮುಚ್ಚದಂತೆ ಹಿಡಿಯುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಇದನ್ನು ರೂಪಿಸಿ, 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನಲವತ್ತು ವರ್ಷ ದಾಟಿದ, ಪರೀಕ್ಷೆಗೆ ನಿಂತ ಚಿಕಿತ್ಸೆ ಇದು.

ನನ್ನ ತಕರಾರು ಯಂತ್ರದ ಮೇಲಲ್ಲ. ಯಂತ್ರ ಮನೆಗೆ ಬಂದ ದಿನದಿಂದ ಹಗಲಿನ ಸುಸ್ತು ಹೋಗುವ ದಿನದವರೆಗೆ ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಆ ನಡುವಿನ ಕಾಲದಲ್ಲಿ ರೋಗಿಯ ಜೊತೆ ಯಾರೂ ಇರುವುದಿಲ್ಲ. ಆಸ್ಪತ್ರೆಯವರ ಕೆಲಸ ಚೀಟಿ ಬರೆಯುವಲ್ಲಿಗೆ ಮುಗಿದಿರುತ್ತದೆ, ಅಂಗಡಿಯವರದು ದುಡ್ಡು ಎಣಿಸಿಕೊಳ್ಳುವಲ್ಲಿಗೆ. ಮನೆಯವರು, ಮಾಲೀಕರು ಮರುದಿನವೇ ಹೊಸ ಮನುಷ್ಯನನ್ನು ನಿರೀಕ್ಷಿಸುತ್ತಾರೆ. ಚಿಕಿತ್ಸೆ ಸೋಲುವುದು ಇಲ್ಲೇ.

ನಮ್ಮ ಚಿಕ್ಕಪ್ಪನದ್ದೇ ನೋಡಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಾರೆ. ಅಷ್ಟು ಸದ್ದಿನ ನಡುವೆಯೂ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಎಳೆ ಹರಿದದ್ದು ಗಮನಕ್ಕೆ ಬರದೆ ಸೀರೆ ಕೆಟ್ಟರೆ ಕೂಲಿಯಲ್ಲಿ ಹಿಡಿಯುತ್ತಿದ್ದರು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಗಂಟೆಗೆ 42 ಸಲ ಎಂದು ಬಂತು. ಅಂದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ. ಸಾಲ ಮಾಡಿ ಯಂತ್ರ ತಂದರು. ಮಾರಿದವರು ಹತ್ತು ನಿಮಿಷ ತೋರಿಸಿಕೊಟ್ಟು ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಎರಡನೇ ವಾರ ಚಿಕ್ಕಮ್ಮ ಕೇಳಿದ್ದು ಹೀಗೆ: "ಏನ್ರೀ, ಅಷ್ಟು ದುಡ್ಡು ಸುರಿದು ತಂದ ಮಿಷನ್ ಹಾಕ್ಕೊಂಡೂ ಊಟದ ತಟ್ಟೆ ಮುಂದೆ ತೂಕಡಿಸ್ತೀರಲ್ಲ?" ಚಿಕ್ಕಪ್ಪ ಅಂದದ್ದು ಇಷ್ಟೇ: "ಸುಮ್ನಿರೇ, ನಂಗೂ ಗೊತ್ತಾಗ್ತಿಲ್ಲ." ಮೂರನೇ ವಾರಕ್ಕೆ ಯಂತ್ರ ಅಟ್ಟ ಸೇರಿತು. ಅದನ್ನು ಮತ್ತೆ ಕೆಳಗಿಳಿಸಿದ್ದು ಶ್ವಾಸಕೋಶದ ವೈದ್ಯರೊಬ್ಬರು. ಯಂತ್ರದ ಮೆಮೊರಿ ಕಾರ್ಡ್ ಓದಿ, "ನೀವು ರಾತ್ರಿ ಮೂರು ಗಂಟೆ ಮಾತ್ರ ಹಾಕಿದ್ದೀರಿ, ಅದರಲ್ಲೂ ಅರ್ಧ ಗಾಳಿ ಪಕ್ಕದಿಂದ ಸೋರಿದೆ" ಎಂದು ತೋರಿಸಿದರು. ಬೇರೆ ಅಳತೆಯ ಮಾಸ್ಕ್ ಕೊಟ್ಟರು. ಎರಡೂವರೆ ತಿಂಗಳ ಹೊತ್ತಿಗೆ ಚಿಕ್ಕಪ್ಪ ಮಧ್ಯಾಹ್ನದ ಪಾಳಿಯನ್ನು ಎಚ್ಚರವಾಗಿ ಮುಗಿಸುತ್ತಿದ್ದರು.

ಹಾಗಾದರೆ ಯಂತ್ರ ಹಾಕಿದರೂ ಸುಸ್ತು ಯಾಕೆ ಉಳಿಯುತ್ತದೆ? ಮೊದಲನೆಯದಾಗಿ, ವರ್ಷಗಟ್ಟಲೆ ಕೆಟ್ಟ ನಿದ್ದೆಯ ಸಾಲ ಒಂದು ವಾರದಲ್ಲಿ ತೀರುವುದಿಲ್ಲ. ಎರಡನೆಯದಾಗಿ, ಹೊಸ ಮಾಸ್ಕೇ ಮೊದಲ ದಿನಗಳಲ್ಲಿ ನಿದ್ದೆ ಕೆಡಿಸುತ್ತದೆ: ಮೂಗು ಕಟ್ಟುವುದು, ಬಾಯಿ ಒಣಗುವುದು, ಪಟ್ಟಿ ಒತ್ತುವುದು. ಮೂರನೆಯದು, ನಮ್ಮ ಕಡೆಯವರಿಗೆ ಬಹಳ ಮುಖ್ಯವಾದದ್ದು, ಗಂಟೆಗಳ ಲೆಕ್ಕ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದ ಕಡೆಗೆ. ಬಹಳ ಜನರಿಗೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ. ರಾತ್ರಿ ಎರಡಕ್ಕೆ ಮಾಸ್ಕ್ ಕಿತ್ತು ಬಿಸಾಡಿದರೆ ಬೇಕಾದ ಹೊತ್ತಿನಲ್ಲೇ ಚಿಕಿತ್ಸೆ ಇಲ್ಲದಂತಾಯಿತು. ಹಾಲು ಕರೆಯಲು, ಹೂವು ಬಿಡಿಸಲು, ಮಾರ್ಕೆಟ್‌ಗೆ ಸೊಪ್ಪು ಹಾಕಲು ನಾಲ್ಕಕ್ಕೇ ಏಳುವವರು ಹನ್ನೊಂದಕ್ಕೆ ಮಲಗಿದರೆ, ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಐದು ಗಂಟೆಗಿಂತ ಹೆಚ್ಚು ಕೊಡಲಾರದು.

ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ಸಾಕು ಎಂಬ ಮಾತೊಂದು ಓಡಾಡುತ್ತದೆ. ಅಮೆರಿಕದ ಮೆಡಿಕೇರ್ ವಿಮೆಯವರು ಯಂತ್ರದ ಹಣ ಮುಂದುವರಿಸಲು ಇಟ್ಟ ಕನಿಷ್ಠ ಅಳತೆ ಅದು, ಆರೋಗ್ಯದ ಅಳತೆಯಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ತಿಂಗಳು ಯಂತ್ರ ಬಳಸಿದವರನ್ನು ನೋಡಿದರು. ತೂಕಡಿಕೆ ಕಡಿಮೆಯಾಗಿದೆ ಎಂದು ಜನ ತಾವೇ ಹೇಳಲು ನಾಲ್ಕು ಗಂಟೆಯ ಬಳಕೆ ಬಹಳ ಮಂದಿಗೆ ಸಾಕಾಯಿತು. ಪ್ರಯೋಗಾಲಯದಲ್ಲಿ ಅಳೆದ ತೂಕಡಿಕೆ ಸರಿಹೋಗಲು ಆರು ಗಂಟೆ, ದಿನದ ಕೆಲಸ ಕಾರ್ಯ ಮೊದಲಿನಂತಾಗಲು ಏಳೂವರೆ ಗಂಟೆಯವರೆಗೂ ಬಳಕೆ ಹೆಚ್ಚಿದಷ್ಟೂ ಪ್ರಯೋಜನ ಹೆಚ್ಚುತ್ತಾ ಹೋಯಿತು. ಅಂದರೆ 'ಪರವಾಗಿಲ್ಲ' ಅನ್ನಿಸುವುದಕ್ಕೂ ನಿಜವಾಗಿ ಎಚ್ಚರವಾಗಿರುವುದಕ್ಕೂ ಅಂತರವಿದೆ. ಸ್ಟಿಯರಿಂಗ್ ಹಿಡಿಯುವವರು ಇದನ್ನು ನೆನಪಿಡಬೇಕು.

ಎಲ್ಲ ಸರಿಯಿದ್ದೂ ಸುಸ್ತು ಹೋಗದಿದ್ದರೆ ಬೇರೆ ಕಾರಣ ಹುಡುಕಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ, ನೆಗಡಿ ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು, ಇವೆಲ್ಲ ತೂಕಡಿಕೆ ತರುತ್ತವೆ. ಮದ್ಯ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಹೆಂಗಸರ ವಿಷಯದಲ್ಲಂತೂ 'ಮನೆಕೆಲಸದ ಆಯಾಸ' ಎಂದು ಇಡೀ ಪ್ರಶ್ನೆಯನ್ನೇ ಮುಚ್ಚಿಬಿಡುತ್ತೇವೆ. ಗೊರಕೆ ಗಂಡಸರ ಸ್ವತ್ತಲ್ಲ, ಸ್ಲೀಪ್ ಆಪ್ನಿಯಾ ದಪ್ಪಗಿರುವವರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ.

ಈ ನಡುವಿನ ಕಾಲದ ಹಗಲನ್ನು ದಾಟುವುದು ಹೇಗೆ? ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷದ ಚಿಕ್ಕ ನಿದ್ದೆ ನಾಚಿಕೆಯ ವಿಷಯವಲ್ಲ. ಮನೆಯಲ್ಲಾದರೆ ಅದಕ್ಕೂ ಮಾಸ್ಕ್ ಹಾಕಿಕೊಳ್ಳಬೇಕು. ಗಂಟೆಗಟ್ಟಲೆ ಮಲಗಿದರೆ ಮಾತ್ರ ರಾತ್ರಿಯ ನಿದ್ದೆ ಕೆಡುತ್ತದೆ. ಕಾಫಿ ಟೀ ಬೆಳಗ್ಗೆ ಕುಡಿಯಿರಿ. ಸಂಜೆಯ ಕಾಫಿಯ ಅರ್ಧ ಪಾಲು ಐದಾರು ಗಂಟೆ ಕಳೆದರೂ ದೇಹದಲ್ಲೇ ಇರುತ್ತದೆ. ಎದ್ದ ಕೂಡಲೇ ಬಿಸಿಲಿಗೆ ಬಂದು ಸ್ವಲ್ಪ ನಡೆಯಿರಿ. ಎಚ್ಚರ ಬೇಕಾದ ಕೆಲಸ, ಲೆಕ್ಕಪತ್ರ, ಮಿಷನ್ ಕೆಲಸ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಮಾಸ್ಕನ್ನು ಹಗಲಲ್ಲಿ ಅರ್ಧ ಗಂಟೆ ಟಿವಿ ನೋಡುತ್ತಾ ಹಾಕಿಕೊಂಡರೆ ರಾತ್ರಿ ಅದು ಅಪರಿಚಿತ ಅನ್ನಿಸುವುದಿಲ್ಲ. ಮೊದಲ ತಿಂಗಳಲ್ಲೇ ಒಮ್ಮೆ ಯಂತ್ರವನ್ನೋ ಅದರ ಕಾರ್ಡನ್ನೋ ವೈದ್ಯರಿಗೆ ತೋರಿಸಿ. ಎಷ್ಟು ಗಂಟೆ ಹಾಕಿದ್ದೀರಿ, ಎಷ್ಟು ಸೋರಿದೆ, ಇನ್ನೂ ಎಷ್ಟು ಸಲ ಉಸಿರು ಕಟ್ಟುತ್ತಿದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಒತ್ತಡವನ್ನು ನೀವೇ ಕೂಡಿಸಿ ಕಳೆಯಬೇಡಿ.

ನಮ್ಮ ಜಿಲ್ಲೆಗೆ ಇನ್ನೆರಡು ಸಮಸ್ಯೆಗಳಿವೆ. ಒಂದು ನೀರು. ಯಂತ್ರದ ತೇವಾಂಶದ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಹಾಕಿದರೆ ಡಬ್ಬಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಕಾಯಿಸಿ ಆರಿಸಿದರೂ ಆ ಲವಣ ಹೋಗುವುದಿಲ್ಲ. ಇನ್ನೊಂದು ಕರೆಂಟು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಪಂಪ್‌ಸೆಟ್ ಲೈನಿನಿಂದ ಬೇರೆಯಾಯಿತು ನಿಜ, ಆದರೆ ತೋಟದ ಮನೆಯವರು ಇವತ್ತಿಗೂ ಪಂಪ್‌ಸೆಟ್ ಲೈನಿನ ಪಾಳಿಗೆ ಕಾಯಬೇಕು. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಮಲಗಿದವರು ಏದುಸಿರು ಬಿಟ್ಟು ಮಾಸ್ಕ್ ಕಿತ್ತುಹಾಕುತ್ತಾರೆ. ಮನೆಯ ಯುಪಿಎಸ್ ಇದ್ದರೆ ಯಂತ್ರಕ್ಕೂ ಅದರಿಂದ ಒಂದು ಪ್ಲಗ್ ಕೊಡಿಸಿ. ಕರೆಂಟು ಇಲ್ಲದ ರಾತ್ರಿ ನೀರಿನ ಡಬ್ಬಿಯ ಹೀಟರ್ ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಕೊಳ್ಳುವ ಮುಂಚೆಯೇ ಬ್ಯಾಟರಿಯಲ್ಲಿ ಓಡುತ್ತದೆಯೇ ಎಂದು ಕೇಳಿ.

ಇನ್ನು ರಸ್ತೆಯ ಮಾತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಹೊಲ ಮಾರಿದವರ, ಮಾರದವರ ಮಕ್ಕಳೂ ಟ್ಯಾಕ್ಸಿ ಹಿಡಿದರು. ನೆಲಮಂಗಲ ದಾಟಿ ತುಮಕೂರು, ಹಾಸನದ ಕಡೆಗೆ, ಹೊಸಕೋಟೆ ದಾಟಿ ಕೋಲಾರದ ಕಡೆಗೆ ರಾತ್ರಿಯಿಡೀ ಲಾರಿಗಳು. ಚಾಲನೆ ಇಲ್ಲಿ ಎಷ್ಟೋ ಮನೆಗಳ ಅನ್ನ. ಆದರೆ ಸಾರಿಗೆ ವಾಹನದ ಲೈಸೆನ್ಸಿಗೆ ವೈದ್ಯರು ಸಹಿ ಮಾಡುವ ಫಾರಂ 1ಎ ನೋಡಿ: ಕಣ್ಣು, ಬಣ್ಣ ಗುರುತಿಸುವುದು, ಇರುಳುಗುರುಡು, ಕಿವಿ, ಕೈಕಾಲು ಎಲ್ಲ ಇದೆ, ನಿದ್ದೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬ್ರಿಟನ್ನಿನಲ್ಲಿ ಈ ಕಾಯಿಲೆಯಿಂದ ಹಗಲಲ್ಲಿ ವಿಪರೀತ ತೂಕಡಿಸುವವರು ಗಾಡಿ ಓಡಿಸುವುದನ್ನು ನಿಲ್ಲಿಸಬೇಕು. ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಲೈಸೆನ್ಸ್ ಇಲಾಖೆಗೂ ತಿಳಿಸಬೇಕು. ಚಿಕಿತ್ಸೆಯಿಂದ ಹತೋಟಿಗೆ ಬಂದ ಮೇಲೆ ಮತ್ತೆ ಓಡಿಸಬಹುದು.

'ಇಲ್ಲಿ ಹಾಗೆ ಮಾಡಿದರೆ ಚಾಲಕನ ಹೊಟ್ಟೆಯ ಮೇಲೆ ಹೊಡೆದಂತೆ, ಎಲ್ಲರೂ ಕಾಯಿಲೆ ಮುಚ್ಚಿಡುತ್ತಾರೆ' ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕಾರಿನ ಕಂತು ಕಟ್ಟಬೇಕಾದವನು ಮೂರು ತಿಂಗಳು ಮನೆಯಲ್ಲಿ ಕೂರಲಾರ. ಅದಕ್ಕೇ ಬರೀ ಕೇಳುವ ಕಾನೂನು ಸಾಲದು, ಉಳಿಸುವ ವ್ಯವಸ್ಥೆಯೂ ಬೇಕು. ಚಿಕಿತ್ಸೆ ಶುರು ಮಾಡಿದವರಿಗೆ ತೂಕಡಿಕೆ ಹತೋಟಿಗೆ ಬರುವವರೆಗೆ ಸ್ಟಿಯರಿಂಗ್ ಬದಲು ಬೇರೆ ಕೆಲಸ, ಕೆಲಸ ಕಳೆಯುವುದಿಲ್ಲ ಎಂಬ ಭರವಸೆ, ಇವಿಷ್ಟನ್ನು ಚಾಲಕರನ್ನು ದುಡಿಸಿಕೊಳ್ಳುವ ಕಂಪನಿಗಳು ಕೊಡಲಾರವೇ? ಇನ್ನು ಚಾಲಕರಿಗೆ: ಕಿಟಕಿ ತೆರೆದು, ಜೋರಾಗಿ ಹಾಡು ಹಾಕಿದರೆ ನಿದ್ದೆ ಹೋಗುವುದಿಲ್ಲ, ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ ಅಷ್ಟೇ. ಕಣ್ಣು ಎಳೆದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗಿ. ನಸುಕಿನ ಎರಡರಿಂದ ಐದು, ಮಧ್ಯಾಹ್ನ ಎರಡರಿಂದ ನಾಲ್ಕು, ಈ ಹೊತ್ತುಗಳಲ್ಲಿ ಇನ್ನೂ ಹುಷಾರು.

ಕಾರ್ಖಾನೆಗಳ ಮಾತೂ ಅಷ್ಟೇ. 2023ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಕಾರ್ಖಾನೆ ಕಾಯ್ದೆಯ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ಕೆಲಸವನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ಹನ್ನೆರಡು ಗಂಟೆ ಕೆಲಸ, ಎರಡು ಗಂಟೆ ಪ್ರಯಾಣ, ಮನೆಗೆಲಸ ಕಳೆದರೆ ಏಳು ಗಂಟೆ ಮಾಸ್ಕ್ ಹಾಕಿ ಮಲಗಲು ಎಲ್ಲಿದೆ ಹೊತ್ತು? ಚಿಕಿತ್ಸೆಯಲ್ಲಿರುವವರಿಗೆ ಪಾಳಿ ಬದಲಿಸದೆ ಒಂದೇ ಹೊತ್ತಿನ ಕೆಲಸ ಕೊಡುವುದಕ್ಕೆ ಕಾಸು ಖರ್ಚಾಗುವುದಿಲ್ಲ.

ಸರ್ಕಾರವನ್ನು ನಾನು ಕೇಳುವುದು ದೊಡ್ಡದೇನಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಹೊತ್ತಿಗೆ ತೂಕಡಿಕೆಯನ್ನೂ ಕೇಳಲಿ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಎಪ್ವರ್ತ್ ಎಂಬ ಪ್ರಶ್ನಾವಳಿ ಕೊಟ್ಟರು. ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಊಟವಾದ ಮೇಲೆ, ಸಿಗ್ನಲ್‌ನಲ್ಲಿ ಗಾಡಿ ನಿಂತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 24ರಲ್ಲಿ ಹತ್ತು ದಾಟಿದರೆ ವೈದ್ಯರನ್ನು ಕಾಣಬೇಕು. ಐದು ನಿಮಿಷದ ಕೆಲಸ, ಯಾವ ಉಪಕರಣವೂ ಬೇಡ. ಯಂತ್ರ ಕೊಂಡವರಿಗೆ ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ ತಾಲ್ಲೂಕು ಆಸ್ಪತ್ರೆಯಿಂದ ಒಂದೊಂದು ಫೋನ್ ಹೋಗಲಿ. ಕ್ಷಯದ ರೋಗಿ ಮಾತ್ರೆ ಬಿಡದಂತೆ ಬೆನ್ನು ಹತ್ತಿ ನೋಡಿಕೊಳ್ಳುವುದು ನಮ್ಮ ಆರೋಗ್ಯ ವ್ಯವಸ್ಥೆಗೆ ಗೊತ್ತಿರುವ ವಿದ್ಯೆ. ಅದನ್ನೇ ಇಲ್ಲಿಗೂ ತಂದರಾಯಿತು. ಹತ್ತಾರು ಸಾವಿರ ರೂಪಾಯಿಯ ಯಂತ್ರ ಅಟ್ಟ ಸೇರುವುದಕ್ಕಿಂತ ಮೂರು ಫೋನ್ ಕರೆ ಅಗ್ಗ.

ಮನೆಯವರಿಗೆ ಒಂದೇ ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾಸ್ಕ್ ಹಾಕಲು ಶುರು ಮಾಡಿದ್ದರೆ ಮೂರು ತಿಂಗಳು ತಾಳಿ. 'ಇನ್ನೂ ಸುಸ್ತಾ?' ಎಂದು ದಿನಾ ಕೇಳುವ ಬದಲು 'ನಿನ್ನೆ ಎಷ್ಟು ಗಂಟೆ ಹಾಕ್ಕೊಂಡಿದ್ರಿ?' ಎಂದು ಕೇಳಿ. ಮೊದಲನೆಯದಕ್ಕೆ ಉತ್ತರ ಕೊಡಲು ಅವರಿಗೆ ಅವಮಾನ. ಎರಡನೆಯದಕ್ಕೆ ಉತ್ತರ ಯಂತ್ರದಲ್ಲೇ ಇದೆ, ಅದನ್ನು ದಿನದಿಂದ ದಿನಕ್ಕೆ ಹೆಚ್ಚಿಸಲೂ ಬಹುದು.