ಮಲ್ಲಿಗೆಗೆ ದೊಡ್ಡ ಕುಂಡ ಬೇಡ

"ಈ ಊರಿಗೆ ಮಲ್ಲಿಗೆ ಒಗ್ಗುವುದಿಲ್ಲ ಬಿಡಿ, ಚಳಿಗೆ ಸತ್ತುಹೋಗುತ್ತದೆ." ಮಿಲ್ಟನ್ನಿನ ನಮ್ಮ ಸದಸ್ಯ ಬಂಧುಗಳ ಮನೆಗೆ ಹೋಗಿ ಕಾಫಿ ಕುಡಿದು ಈ ಮಾತು ಕೇಳದೆ ಹಿಂದಿರುಗುವುದು ಅಪರೂಪ. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಮನೆಯೊಳಗೆ 20 ಡಿಗ್ರಿ ಶಾಖದಲ್ಲಿ ಸುಖವಾಗಿರುವ ಗಿಡ ಚಳಿಗೆ ಸಾಯುವುದಾದರೂ ಹೇಗೆ? ಮಲ್ಲಿಗೆಯನ್ನು ಇಲ್ಲಿ ಹೆಚ್ಚಾಗಿ ಕೊಲ್ಲುವುದು ಅಕ್ಟೋಬರ್ ತಿಂಗಳಲ್ಲಿ ಪ್ರೀತಿಯಿಂದ ಕೊಡುವ ದೊಡ್ಡ ಕುಂಡ ಎಂಬುದು ನಮ್ಮ ವಾದ. ರಸಾಯನಶಾಸ್ತ್ರ ನಮ್ಮ ಹೊಟ್ಟೆಪಾಡಾದ್ದರಿಂದ ವಾದಕ್ಕೆ ಲೆಕ್ಕವನ್ನೂ ಕೊಡುತ್ತೇವೆ.

ನಡೆಯುವುದು ಹೀಗೆ. ಬೇಸಿಗೆಯೆಲ್ಲ ಹಿತ್ತಿಲ ಡೆಕ್ಕಿನ ಮೇಲೆ ಹೂ ಬಿಟ್ಟ ಗಿಡವನ್ನು ಸೆಪ್ಟೆಂಬರಿನಲ್ಲಿ ಒಳಗೆ ತರುತ್ತಾರೆ. ಜೂನ್ ತಿಂಗಳಲ್ಲಿ 15 ಗಂಟೆಗೂ ಮೀರಿದ ಹಗಲು ಕಂಡ ಗಿಡಕ್ಕೆ ಡಿಸೆಂಬರಿನಲ್ಲಿ ಸಿಕ್ಕುವುದು ಸುಮಾರು 9 ಗಂಟೆ, ಅದೂ ಕಿಟಕಿಯ ಗಾಜಿನ ಹಿಂದೆ. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗೆ ಕಡಿಮೆಯಿಲ್ಲ. ಜೊತೆಗೆ ಫರ್ನೇಸಿನ ಒಣಗಾಳಿ. ಗಿಡ ಎಲೆ ಉದುರಿಸಿ ಸುಮ್ಮನಾಗುತ್ತದೆ. ಇದು ರೋಗವಲ್ಲ, ಉಳಿತಾಯ. ಆದರೆ ಮನೆಯವರಿಗೆ ಗಾಬರಿ. "ಮಣ್ಣಿನ ಸಾರ ಮುಗಿದಿರಬೇಕು" ಎಂದು 6 ಅಂಗುಲದ ಕುಂಡದಿಂದ ಕಿತ್ತು 12 ಅಂಗುಲದ ಕುಂಡಕ್ಕೆ ಹಾಕಿ ಧಾರಾಳವಾಗಿ ನೀರು ಹೊಯ್ಯುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಗಿಡ ಕೈಲಾಸ ಸೇರುತ್ತದೆ. ಅಪವಾದ ಮಾತ್ರ ಚಳಿಗೆ!

ಲೆಕ್ಕ ನೋಡಿ. ಕುಂಡದ ಅಗಲ ಎರಡರಷ್ಟಾದರೆ ಎತ್ತರವೂ ಹಾಗೆಯೇ ಬೆಳೆದು, ಹಿಡಿಸುವ ಮಣ್ಣು ಎಂಟು ಪಟ್ಟಾಗುತ್ತದೆ. ಬೇರು ಮಾತ್ರ ಹಳೆಯ ಒಂದು ಪಾಲಿನಲ್ಲೇ ಇದೆ. ಉಳಿದ ಏಳು ಪಾಲು ಮಣ್ಣಿನ ನೀರನ್ನು ಹೀರುವವರಿಲ್ಲ. ಬೇರಿಗೂ ಉಸಿರಾಟ ಉಂಟು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಒದ್ದೆ ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅದೇ 6ರಿಂದ 8 ಅಂಗುಲಕ್ಕೆ ಹೋದರೆ ಮಣ್ಣು ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಬೆಳೆಯುವ ಕಾಲದಲ್ಲಿ ಅಷ್ಟನ್ನು ಬೇರು ಬೇಗ ಆಕ್ರಮಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಸಲಕ್ಕೆ ಎರಡು ಅಂಗುಲ, ಮೇಲೆ ಹೋಗಬಾರದು.

ಕಾಲವೂ ಮುಖ್ಯ. ಏಪ್ರಿಲಿನಿಂದ ಜೂನ್ ಮೊದಲ ವಾರದವರೆಗೆ ಹಗಲು ಬೆಳೆಯುತ್ತಿರುವಾಗ ಈ ಕೆಲಸ ಮಾಡಬೇಕು. ಕುಂಡದ ತೂತಿನಿಂದ ಬೇರು ಇಣುಕಿದರೆ, ಹೊಯ್ದ ನೀರು ನಿಲ್ಲದೆ ಕೆಳಗೆ ಓಡಿದರೆ, ಬದಲಿಸುವ ಸಮಯ ಬಂತೆಂದು ತಿಳಿಯಿರಿ. ಹಿಂದಿನ ದಿನ ನೀರು ಹಾಕಿ, ಕುಂಡವನ್ನು ಬೋರಲು ಮಾಡಿ ಬೇರಿನ ಮುದ್ದೆಯನ್ನು ಇಡಿಯಾಗಿ ಈಚೆಗೆ ತನ್ನಿ. ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ, ಕೊಳೆತದ್ದನ್ನು ಕತ್ತರಿಸಿ, ಮೊದಲಿನಷ್ಟೇ ಆಳಕ್ಕೆ ಕೂರಿಸಿ. ಕೊಂಬೆಗಳನ್ನು ಮೂರನೆಯ ಒಂದು ಭಾಗ ಸವರಿ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲೇ ಹೂ ಬಿಡುವುದರಿಂದ ಇದು ನಷ್ಟವಲ್ಲ. ತಳಕ್ಕೆ ಜಲ್ಲಿ, ಹಂಚಿನ ಚೂರು ಪದರವಾಗಿ ತುಂಬುವ ಪದ್ಧತಿಯಿಂದ ನೀರು ಬೇಗ ಬಸಿಯುವುದಿಲ್ಲ. ನೀರು ಜಲ್ಲಿಯ ಮೇಲೆಯೇ ಮಣ್ಣಿನಲ್ಲಿ ನಿಲ್ಲುತ್ತದೆ. ತೂತಿನ ಮೇಲೆ ಒಂದು ಚೂರು ಸಾಕು.

ಇನ್ನು ಮಣ್ಣು. ಮಿಲ್ಟನ್ನಿನ ಹಿತ್ತಿಲ ಜೇಡಿ ಇಟ್ಟಿಗೆಗೆ ಲಾಯಕ್ಕು. ಹಿಂದೆ ಇಲ್ಲಿ ಇಟ್ಟಿಗೆ ಕಾರ್ಖಾನೆಯೇ ಇತ್ತು. ಕುಂಡಕ್ಕೆ ಅದು ಬೇಡ. ಪೀಟ್ ಅಥವಾ ತೆಂಗಿನ ನಾರಿನ ಪುಡಿ ಎರಡು ಪಾಲು, ಕಾಂಪೋಸ್ಟ್ ಒಂದು ಪಾಲು, ಪರ್ಲೈಟ್ ಒಂದು ಪಾಲು ಸಾಕು. "ಊರಿನ ಕೆಮ್ಮಣ್ಣೇ ಬೇಕು" ಎಂದು ಸೂಟ್‌ಕೇಸಿನಲ್ಲಿ ತರುವ ಸಾಹಸ ಮಾಡಬೇಡಿ. ಭಾರತದಿಂದ ಮಣ್ಣು ತರಲು ಕೆನಡಾ ಸರ್ಕಾರ ಬಿಡುವುದೇ ಇಲ್ಲ. ಕಡ್ಡಿಗೂ ಗಿಡಕ್ಕೂ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನಿಯಮ ಸರಿಯಾದದ್ದೇ, ಮಣ್ಣಿನೊಡನೆ ಬರುವ ಹುಳು, ಬೂಷ್ಟುಗಳಿಗೆ ವೀಸಾ ಕೇಳುವವರಾರು?

ಕೆಮ್ಮಣ್ಣಿನ ಗುಣ ಮಾತ್ರ ತಿಳಿದಿರಬೇಕು. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವುದು ಜಂಬಿಟ್ಟಿಗೆಯ ನೆಲದಲ್ಲಿ. ಅದು ತುಸು ಹುಳಿ, ಕಬ್ಬಿಣ ಹೇರಳ. ಮಿಲ್ಟನ್ನಿನ ಸ್ಥಿತಿ ಇದಕ್ಕೆ ತಿರುಗುಮುರುಗು. ನಯಾಗರ ಎಸ್ಕಾರ್ಪ್‌ಮೆಂಟಿನ ಸುಣ್ಣದ ಜಾತಿಯ ಕಲ್ಲಿನೊಳಗಿಂದ ಬರುವ ಬಾವಿ ನೀರು ಬಲು ಗಡಸು. ಸರೋವರದಿಂದ ಕೊಳವೆಯಲ್ಲಿ ಬರುವ ನೀರಿನಲ್ಲೂ ಲೀಟರಿಗೆ 120 ಮಿಲಿಗ್ರಾಂ ಆಸುಪಾಸಿನ ಗಡಸುತನವುಂಟು. ಈ ನೀರು ಹೊಯ್ದಂತೆ ಕುಂಡದ ಮಣ್ಣು ಮೆಲ್ಲಗೆ ಹುಳಿ ಕಳೆದುಕೊಳ್ಳುತ್ತದೆ. ಕಬ್ಬಿಣ ಮಣ್ಣಿನಲ್ಲಿದ್ದರೂ ಕರಗದೆ ಕೂರುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿದರೆ ಇದೇ ಕಾರಣ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕೆನ್ನುವುದು ಇದಕ್ಕೇ. ಆಗ ಕುಂಡ ಅದೇ ಇದ್ದರೂ ಆದೀತು. ವಾಟರ್ ಸಾಫ್ಟನರ್ ನೀರು ಮಾತ್ರ ಕೂಡದು. ಅದು ಸುಣ್ಣದಂಶ ತೆಗೆದು ಸೋಡಿಯಂ ಕೊಡುತ್ತದೆ, ಗಿಡಕ್ಕೆ ಉಪ್ಪುನೀರಾಗುತ್ತದೆ. ಮಳೆನೀರು ಅಥವಾ ಹಿತ್ತಿಲ ಶುದ್ಧ ಹಿಮ ಕರಗಿಸಿ ಬೆಚ್ಚಗಾದ ನೀರು ಉತ್ತಮ.

"ಮಲ್ಲಿಗೆ ಶೀತದೇಶದ್ದಲ್ಲ" ಎನ್ನುವವರಿಗೆ ಒಂದಿಷ್ಟು ಚರಿತ್ರೆ. ಇಟಲಿಯ ಟಸ್ಕನಿಯನ್ನು 1670ರಿಂದ 1723ರವರೆಗೆ ಆಳಿದ ಮೂರನೆಯ ಕೊಸಿಮೊ ಮೆಡಿಚಿ, ಗೋವೆಯ ಸುತ್ತುಮಲ್ಲಿಗೆಯನ್ನು ಫ್ಲಾರೆನ್ಸ್ ಬಳಿಯ ತನ್ನ ತೋಟದಲ್ಲಿ ಕುಂಡದಲ್ಲಿ ಬೆಳೆಸಿ, ಚಳಿಗಾಲಕ್ಕೆ ಬೆಚ್ಚನೆಯ ಮನೆ ಕಟ್ಟಿಸಿಕೊಟ್ಟ. ಇಂದಿಗೂ ಇಲ್ಲಿಯ ನರ್ಸರಿಗಳಲ್ಲಿ ಆ ಗಿಡ "ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ" ಎಂಬ ಹೆಸರಿನಲ್ಲಿ ಬರುತ್ತದೆ. ಲಿನೇಯಸ್ 1753ರಲ್ಲಿ ನಮ್ಮ ದುಂಡುಮಲ್ಲಿಗೆಯನ್ನು ಪಾರಿಜಾತದ ಕುಲಕ್ಕೆ ಸೇರಿಸಿಬಿಟ್ಟಿದ್ದ. 1789ರಲ್ಲಿ ಏಟನ್ ಅದನ್ನು ಮಲ್ಲಿಗೆಯ ಕುಲಕ್ಕೆ ತಂದ. ಹೆಸರಿಗೂ ಕುಂಡ ಬದಲಾವಣೆ ತಪ್ಪಲಿಲ್ಲ! ಕೊಳ್ಳುವಾಗ "ಜಾಸ್ಮಿನಮ್ ಸಂಬಾಕ್" ಎಂದು ಚೀಟಿಯಲ್ಲಿರುವುದನ್ನು ನೋಡಿ ತೆಗೆದುಕೊಳ್ಳಿ. ಫೆಬ್ರವರಿಯಲ್ಲಿ ದಿನಸಿ ಅಂಗಡಿಗಳಲ್ಲಿ ಗುಲಾಬಿ ಮೊಗ್ಗಿನೊಂದಿಗೆ ಬರುವ ಬಳ್ಳಿ ಬೇರೆ ಜಾತಿ.

ಈಗ ಕೆಲವರು ಕೇಳಿಯಾರು: "ಇಷ್ಟೆಲ್ಲ ಗೊಡವೆ ಏಕೆ? ಸತ್ತರೆ ಇನ್ನೊಂದು ಕೊಂಡರಾಯಿತು." ಗಿಡದ ಮಟ್ಟಿಗೆ ಸರಿ. ಆದರೆ ನಮ್ಮ ಮನೆಗಳಲ್ಲಿ ಆ ಗಿಡ ಯಾರದು ಎಂಬುದನ್ನು ಯೋಚಿಸಿ. 2011ರಲ್ಲಿ ಸೂಪರ್ ವೀಸಾ ಬಂದಿತು. 2022ರಿಂದ ತಂದೆತಾಯಿ ಒಮ್ಮೆ ಬಂದರೆ ಐದು ವರ್ಷ ಇರಬಹುದು. 2001ರಲ್ಲಿ 31,471 ಜನರಿದ್ದ ಈ ಊರು 2021ರ ಜನಗಣತಿಯಲ್ಲಿ 1,32,979 ತಲುಪಿತು. ಬೀದಿಗಳೂ ಹೊಸವು, ನೆರೆಹೊರೆಯೂ ಹೊಸದು. ಬೆಳಗ್ಗೆ ಮಗ ಸೊಸೆ ಗೋ ರೈಲಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಅಜ್ಜಿಗೆ ಮನೆಯಲ್ಲಿ ತನ್ನದೆನ್ನುವ ಕೆಲಸ ಯಾವುದು? ಡಿಶ್‌ವಾಷರ್ ಮುಟ್ಟಲು ಅಂಜಿಕೆ, ಒಲೆಯ ಬಳಿ ಸ್ಮೋಕ್ ಅಲಾರಮ್ಮಿನ ಕಾಟ. ಮಲ್ಲಿಗೆಯೊಂದು ಆಕೆಗೆ ತಿಳಿದ ವಿಷಯ. ಅದು ಸತ್ತ ದಿನ "ಈ ಊರಿಗೆ ಒಗ್ಗುವುದಿಲ್ಲ" ಎಂಬ ಮಾತು ಬರುತ್ತದಲ್ಲ, ಅದು ಗಿಡವೊಂದರ ಮಾತಾಗಿ ಉಳಿಯುವುದಿಲ್ಲ. ಗಿಡ ಬದುಕಿದ್ದರೆ ಜುಲೈ ಸಂಜೆ ಹತ್ತು ಹೂ ಬಿಟ್ಟರೂ ಮೊಮ್ಮಗಳನ್ನು ಕೂರಿಸಿಕೊಂಡು ದಾರದಲ್ಲಿ ಗಂಟುಹಾಕುವುದನ್ನು ಕಲಿಸಬಹುದು. ಭಾಷೆ ಕಲಿಸಲು ನಾವು ಭಾನುವಾರದ ತರಗತಿ ನಡೆಸುತ್ತೇವೆ. "ಮೊಗ್ಗು, ಬಿರಿ, ಎಸಳು, ಕಟ್ಟು, ಮೊಳ" ಎಂಬ ಪದಗಳು ಅಲ್ಲಿಗಿಂತ ಆ ಡೆಕ್ಕಿನ ಮೇಲೆ ಬೇಗ ನಾಟುತ್ತವೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಸಲಹೆ ಇದು. ವಿಕ್ಟೋರಿಯಾ ಡೇ ಕಳೆದು ಹಿಮಪಾತದ ಭಯ ಮುಗಿದ ಬಳಿಕ, ಮೇ ಕೊನೆಯ ಭಾನುವಾರ ಎಲ್ಲರೂ ಗಿಡ ತಂದು ಒಂದೆಡೆ ಸೇರೋಣ. ಪೀಟ್, ಪರ್ಲೈಟ್ ಚೀಲಗಳನ್ನು ಒಟ್ಟಿಗೆ ಕೊಂಡರೆ ಅಗ್ಗ. ಕುಂಡ ಬದಲಿಸುವ ಕೆಲಸ ಹಿರಿಯರದು ಮತ್ತು ಮಕ್ಕಳದು; ನಡುವಯಸ್ಸಿನವರು ಚೀಲ ಹೊತ್ತು ದೂರ ನಿಂತರೆ ಸಾಕು. ಸವರಿದ ಕಡ್ಡಿಗಳನ್ನು ಎಸೆಯದೆ, ಗಿಡವಿಲ್ಲದ ಮನೆಗಳಿಗೆ ಹಂಚೋಣ. ಒದ್ದೆ ಪೀಟಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಹೊಸದಾಗಿ ಬಂದ ಕುಟುಂಬಕ್ಕೆ ಸಂಘದ ಸದಸ್ಯತ್ವದ ರಸೀತಿಯೊಂದಿಗೆ ಒಂದು ಮಲ್ಲಿಗೆ ಕಡ್ಡಿ ಸಿಕ್ಕಿದರೆ ಎಷ್ಟು ಚೆನ್ನ!

ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಿರಿ. ಅಲ್ಲಿಯವರೆಗೆ ಒಂದೇ ಬಿನ್ನಹ: ಎಲೆ ಉದುರಿತೆಂದು ಅಕ್ಟೋಬರಿನಲ್ಲಿ ಕುಂಡ ಮುಟ್ಟಬೇಡಿ. ದಕ್ಷಿಣದ ಕಿಟಕಿಯಲ್ಲಿಟ್ಟು, ಮೇಲಿನ ಮಣ್ಣು ಒಂದು ಅಂಗುಲ ಒಣಗಿದ ಮೇಲೆ ಮಾತ್ರ ನೀರು ಹಾಕಿ, ವಸಂತದವರೆಗೆ ತಾಳ್ಮೆಯಿಂದಿರಿ.